ಮಿಕ್ಕ ಅನ್ನ, ಪಡ್ಡಿನ ಹಂಚು

ಅನ್ನವನ್ನು ಚೆಲ್ಲಬಾರದೆಂದು ಹಿರಿಯರು ಪ್ರತಿ ಮನೆಯಲ್ಲಿಯೂ ಮಕ್ಕಳಿಗೆ ಹೇಳುತ್ತಾರೆ. ಆದರೆ ರಾತ್ರಿ ಮಿಕ್ಕ ಅನ್ನವನ್ನು ಬೆಳಿಗ್ಗೆ ಏನು ಮಾಡಬೇಕೆಂಬುದನ್ನು ಹೇಳಿಕೊಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ‘ತಂಗಳು’ ಎಂಬ ಪದವನ್ನು ಬಡತನದ ಗುರುತೆಂದು ಭಾವಿಸಿ ಮಕ್ಕಳು ಮೂಗು ಮುರಿಯುವುದೂ ಉಂಟು.

ರಾಯದುರ್ಗ, ಮಡಕಶಿರಾ ಸೀಮೆಗಳಿಗೆ ಈ ತಿರಸ್ಕಾರ ಒಪ್ಪುವುದಿಲ್ಲ. ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಬೆದ್ದಲು ನಾಡಿದು. 1876-78ರ ಮಹಾಕ್ಷಾಮವು ಅಂದಿನ ಬಳ್ಳಾರಿ ಜಿಲ್ಲೆಯನ್ನು ಹಿಂಡಿದಾಗ ಅನಂತಪುರವೂ ಆ ಜಿಲ್ಲೆಯ ಭಾಗವಾಗಿತ್ತು. ಅದು ಪ್ರತ್ಯೇಕ ಜಿಲ್ಲೆಯಾದುದು 1882ರಲ್ಲಿ. ರಾಯದುರ್ಗವು 1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಯಾವುದಾದರೂ ಇಲ್ಲಿಯ ಅಡುಗೆಮನೆ ನಡೆದುಬಂದುದು ರಾಗಿ, ಜೋಳ, ಕಡಲೆಕಾಯಿಗಳ ಲೆಕ್ಕದಲ್ಲಿಯೇ. ಮಿಕ್ಕ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ ಬೆರೆಸಿ ಕುಡಿದು ಹೊಲಕ್ಕೆ ಹೋಗುತ್ತಿದ್ದರು. ಮಿಕ್ಕ ಅನ್ನ ಚಿತ್ರಾನ್ನವಾಗುತ್ತಿತ್ತು. ಹುಳಿಯೇರಿದ ದೋಸೆ ಹಿಟ್ಟು ಪಡ್ಡು ಆಗುತ್ತಿತ್ತು.

ನಗರಗಳ ಅಂಗಡಿಗಳಲ್ಲಿ ಇಂದು ಮಕ್ಕಳು ಆಸೆಪಟ್ಟು ಕೊಳ್ಳುವ ವಾಫಲ್ ಎಂಬ ತಿಂಡಿಯೂ ಪಡ್ಡಿಗೆ ದೂರದ ನೆಂಟನೇ. ಚೌಕ ಗುಳಿಗಳಿರುವ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಹಿಟ್ಟು ಹೊಯ್ದು ಅದನ್ನು ಬೇಯಿಸುತ್ತಾರೆ. ಪಾಶ್ಚಾತ್ಯ ಮನೆಗಳಲ್ಲಿ ಮಿಕ್ಕ ಆಲೂಗಡ್ಡೆ, ಅನ್ನ, ಓಟ್ಸ್ ಗಂಜಿಯನ್ನೂ ಆ ಹಿಟ್ಟಿಗೆ ಸೇರಿಸುವುದುಂಟು. ಗುಳಿಯ ಅಂಚುಗಳಿಗೆ ಕಾವು ಹೆಚ್ಚು ತಗುಲುವುದರಿಂದ ಹೊರಗೆ ಗರಿ, ಒಳಗೆ ಮೃದು. ಹಳೆಯ ಅನ್ನಕ್ಕೆ ಹೊಸ ರುಚಿ ಬರುವುದು ಹೀಗೆ. ನಮ್ಮವರು ಪಡ್ಡು, ಗುಳಿಯಪ್ಪ ಎಂದೂ ತೆಲುಗು ನೆರೆಯವರು ಗುಂತ ಪೊಂಗನಾಲು ಎಂದೂ ಕರೆಯುವ ತಿಂಡಿಯ ಹಂಚು ಇದೇ ಕೆಲಸವನ್ನು ವಿದ್ಯುತ್ತಿಲ್ಲದೆಯೇ ಮಾಡುತ್ತದೆ.

ಮಾಡುವ ಕ್ರಮ ಸುಲಭ. ಒಂದು ಬಟ್ಟಲು ಮಿಕ್ಕ ಅನ್ನವನ್ನು ಚೆನ್ನಾಗಿ ಕಿವುಚಿ, ಎರಡು ಬಟ್ಟಲು ದೋಸೆ ಹಿಟ್ಟಿಗೆ ಬೆರೆಸಬೇಕು. ದೋಸೆ ಹಿಟ್ಟು ಇಲ್ಲದಿದ್ದರೆ ಅರ್ಧ ಬಟ್ಟಲು ಸಣ್ಣ ರವೆ, ಅರ್ಧ ಬಟ್ಟಲು ಹುಳಿ ಮಜ್ಜಿಗೆ ಹಾಕಿ ಇಪ್ಪತ್ತು ನಿಮಿಷ ನೆನೆಸಿದರಾಯಿತು. ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಉಪ್ಪು. ಒಂದೆರಡು ಚಮಚ ಮಿಕ್ಕ ಪಲ್ಯವಿದ್ದರೆ ಅದೂ ಆಗಬಹುದು. ಹಿಟ್ಟು ಚಮಚದಿಂದ ನಿಧಾನವಾಗಿ ಜಾರುವಷ್ಟು ಗಟ್ಟಿಯಿರಲಿ. ಕಾದ ಹಂಚಿನ ಗುಳಿಗಳಿಗೆ ಎಣ್ಣೆ ಬಿಟ್ಟು, ಹಿಟ್ಟು ತುಂಬಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ತಳ ಕೆಂಪಾದ ಮೇಲೆ ತಿರುವಬೇಕು. ಜೊತೆಗೆ ಕಡಲೆಕಾಯಿ ಚಟ್ನಿ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗೆ ಮುಚ್ಚಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬೆಳೆಯಬಲ್ಲುದು. ಅದರ ವಿಷ ಮತ್ತೆ ಕಾಯಿಸಿದರೂ ಹೋಗದು. ವಾಸನೆಯಿಂದ ತಿಳಿಯುವುದೂ ಇಲ್ಲ. ಆದುದರಿಂದ ಅನ್ನ ಮಿಕ್ಕಿತೆಂದು ತಿಳಿದೊಡನೆ ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಟ್ಟು, ಮರುದಿನವೇ ಮುಗಿಸಬೇಕು. ಫ್ರಿಜ್ಜಿಲ್ಲದ ಮನೆಯವರು ಅಳೆದು ಬೇಯಿಸುವುದೇ ಲೇಸು; ಮಿಕ್ಕುದನ್ನು ಎರಡು ಗಂಟೆಯೊಳಗೇ ಪಡ್ಡಿಗೆ ಬಳಸಬಹುದು.

ಇದು ಒಂದು ಬಟ್ಟಲು ಅನ್ನದ ಮಾತಷ್ಟೇ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತು ವ್ಯರ್ಥಗೊಳಿಸಿದ ಆಹಾರ 105 ಕೋಟಿ ಟನ್. ಅದರಲ್ಲಿ ಶೇಕಡ 60ರಷ್ಟು ಮನೆಗಳದೇ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅದು ಅಂದಾಜು ಮಾಡಿದೆ. ಇತ್ತ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋ, ಅಂದರೆ ವರ್ಷಕ್ಕೆ 60 ಕಿಲೋ ಧಾನ್ಯದ ಹಕ್ಕನ್ನು ನೀಡಿದೆ. ಒಂದು ಲೆಕ್ಕದಲ್ಲಿ ಬೆಂದ ಅನ್ನ, ಸಿಪ್ಪೆ, ತರಕಾರಿ ಎಲ್ಲವೂ ಸೇರಿವೆ. ಇನ್ನೊಂದು ಬರಿಯ ಧಾನ್ಯ. ಇವೆರಡನ್ನೂ ಸರಿಸಮ ತೂಗಲಾಗದು. ಆದರೂ ಪಡಿತರ ಅಂಗಡಿಯ ಮುಂದೆ ಸಾಲು ನಿಲ್ಲುವ ನಾಡಿನಲ್ಲಿ ಈ ಎರಡು ಸಂಖ್ಯೆಗಳನ್ನು ಮಕ್ಕಳು ಒಟ್ಟಿಗೆ ಓದುವುದು ಒಳ್ಳೆಯದು.

ಕಾಯಿದೆಯು ಧಾನ್ಯವನ್ನು ಮನೆಯ ಬಾಗಿಲವರೆಗೆ ತರಬಲ್ಲುದು. ತಟ್ಟೆಯಲ್ಲಿ ಉಳಿದುದರ ಹೊಣೆ ಮನೆಯವರದು. ಒಂದು ವಾರ ಮಕ್ಕಳ ಕೈಗೆ ನೋಟುಪುಸ್ತಕ ಕೊಟ್ಟು, ದಿನವೂ ಏನು ಮಿಕ್ಕಿತು, ಎಷ್ಟು ಮಿಕ್ಕಿತು, ಅದರಿಂದ ಏನಾಯಿತು ಎಂದು ಕನ್ನಡದಲ್ಲಿ ಬರೆಯಲು ಹೇಳಬಹುದು. ತಂಗಳು, ಅಂಬಲಿ, ಪಡ್ಡು, ಒಗ್ಗರಣೆ ಎಂಬ ಪದಗಳು ಅಜ್ಜಿಯ ಬಾಯಿಂದ ಮೊಮ್ಮಕ್ಕಳ ಬರಹಕ್ಕೆ ಇಳಿಯಲು ಅದೊಂದು ದಾರಿ. ಭಾನುವಾರ ಆ ಲೆಕ್ಕವನ್ನು ನೋಡಿ, ಮುಂದಿನ ವಾರ ಅಕ್ಕಿ ಎಷ್ಟು ಅಳೆಯಬೇಕೆಂಬುದನ್ನು ಮನೆಯವರೆಲ್ಲ ಕೂಡಿ ತೀರ್ಮಾನಿಸಲಿ.