ವ್ಯಸನಮುಕ್ತಿ ಕೇಂದ್ರದ ಸಿಬ್ಬಂದಿಗೆ ಮಾನಸಿಕ ನೆರವು ಕಡ್ಡಾಯವಾಗಬೇಕೆ?

ಪರ

ಮೈಸೂರಿನ ಹೆಬ್ಬಾಳದಲ್ಲಿ ದೊಡ್ಡ ಕ್ಯಾಂಪಸ್ ಇರುವ ಇನ್ಫೊಸಿಸ್ ತನ್ನ ಉದ್ಯೋಗಿಗಳಿಗೆಂದೇ ‘ಹೇಲ್’ ಎಂಬ ಆರೋಗ್ಯ ಕಾರ್ಯಕ್ರಮ ರೂಪಿಸಿದೆ. ಅದೇ ಊರಿನ ವ್ಯಸನಮುಕ್ತಿ ಕೇಂದ್ರದ ವಾರ್ಡ್‌ಬಾಯ್‌ನನ್ನು ‘ಹೇಗಿದ್ದೀಯಪ್ಪಾ’ ಎಂದು ಕೇಳುವವರು ಯಾರು?

ಕುಡಿತ ನಿಂತ ಎರಡು-ಮೂರನೇ ದಿನ ಕೆಲವು ರೋಗಿಗಳಿಗೆ ಗೋಡೆಯ ಮೇಲೆ ಇಲ್ಲದ ಹುಳುಗಳು ಕಾಣತೊಡಗುತ್ತವೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಚುಚ್ಚಿದ ಡ್ರಿಪ್ಪನ್ನು ಕಿತ್ತೆಸೆಯುತ್ತಾರೆ. ಹಿಡಿದು ಮಲಗಿಸಲು ಹೋದವನಿಗೆ ಬೈಗುಳ, ಒಮ್ಮೊಮ್ಮೆ ಏಟು. ಆಸ್ಪತ್ರೆ ಸಿಬ್ಬಂದಿಗೆ ಹೊಡೆದವರನ್ನು ಶಿಕ್ಷಿಸಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ಹೊಡೆಸಿಕೊಂಡವನು ಮರುದಿನ ಅದೇ ವಾರ್ಡಿಗೆ ಹೇಗೆ ಕಾಲಿಡಬೇಕು?

ವಾರ್ಡ್‌ಬಾಯ್‌ಗಳಿಗಿಂತ ನಾಜೂಕಿನ ಸ್ಥಿತಿ, ತಾವೇ ಕುಡಿತ ಬಿಟ್ಟು ಈಗ ಇನ್ನೊಬ್ಬರನ್ನು ಬಿಡಿಸಲು ನಿಂತವರದು. ತಿಂಗಳುಗಟ್ಟಲೆ ಎದುರು ಕೂರಿಸಿಕೊಂಡು ಮಾತಾಡಿಸಿದವನು ಮತ್ತೆ ಕುಡಿದು ಬಂದರೆ ಉಳಿದ ಸಿಬ್ಬಂದಿಗೆ ಬೇಸರ, ಇವರಿಗೆ ಅಪಾಯ. ಅವನ ಬಾಯಿಯ ವಾಸನೆಯೇ ಸಾಕು, ಹಳೆಯ ಚಪಲ ಕೆರಳುತ್ತದೆ. ಹೇಳಿಕೊಂಡರೆ ಕೆಲಸ ಹೋದೀತೆಂಬ ಭಯ. ಹೇಳದಿದ್ದರೆ ಬದುಕೇ ಹೋದೀತು. ಕೇಂದ್ರದ ನಿಜವಾದ ಬಂಡವಾಳ ಇವರೇ. ಇವರನ್ನು ಕಳೆದುಕೊಂಡ ಮೇಲೆ ಹೊಸ ಮಂಚ ಹಾಕಿಸಿ ಏನು ಪ್ರಯೋಜನ?

ಮನಶ್ಶಾಸ್ತ್ರಜ್ಞ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಸಿಬ್ಬಂದಿಯ ‘ಬರ್ನ್‌ಔಟ್’ (ಕೆಲಸದ ಒತ್ತಡದಿಂದ ಬಸವಳಿಯುವುದು) ಕುರಿತು ಬರೆದದ್ದೇ ನ್ಯೂಯಾರ್ಕಿನಲ್ಲಿ ಮಾದಕವ್ಯಸನಿಗಳೂ ಬರುತ್ತಿದ್ದ ಉಚಿತ ಕ್ಲಿನಿಕ್ಕಿನ ಅನುಭವದಿಂದ. ಇನ್ನೂ ಪುರಾವೆ ಕೇಳುವವರಿಗೆ ಏನು ಹೇಳುವುದು? ಇನ್ನು ವಿರೋಧಿಸುವವರು ಎತ್ತುವ ಖರ್ಚಿನ ಮಾತು ಬರೀ ನೆಪ.

ವಿರೋಧ

ನೆರವು ಬೇಡ ಎನ್ನುವವರು ಯಾರೂ ಇಲ್ಲ. ತಕರಾರು ಇರುವುದು ‘ಕಡ್ಡಾಯ’ದ ಬಗ್ಗೆ.

ಮೊದಲನೆಯದು, ಹಣ. 15 ಹಾಸಿಗೆಯ ಕೇಂದ್ರವು ಸರ್ಕಾರದ ಅನುದಾನಕ್ಕೆ ಕಾದು ಕೂತಿರುತ್ತದೆ. ಎರಡನೆಯದು, ಗುಟ್ಟು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಕಡೆ, ಯಜಮಾನರೇ ನೇಮಿಸಿದ ಆಪ್ತಸಲಹೆಗಾರರ ಮುಂದೆ ಯಾರು ಬಾಯಿಬಿಟ್ಟಾರು? ಮೂರನೆಯದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಈಗಾಗಲೇ ಇದೆ. 2022ರ ಅಕ್ಟೋಬರಿನಿಂದ 14416ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಕೇಂದ್ರಗಳು ಈಗಾಗಲೇ ನೋಂದಣಿ, ದಾಖಲೆ, ತಪಾಸಣೆ ಎಂದು ಓಡಾಡುತ್ತಿವೆ. ಇನ್ನೊಂದು ನಿಯಮ ತಂದರೆ ರಿಜಿಸ್ಟರಿನಲ್ಲಿ ಇನ್ನೊಂದು ಕಾಲಂ, ಅದರಲ್ಲೊಂದು ಸಹಿ, ಅಷ್ಟೆ.

ಕೆಲಸದ ಸ್ಥಳದ ಮಾನಸಿಕ ಆರೋಗ್ಯ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯೂ ಕೆಲಸದ ಸ್ಥಿತಿಗತಿ ಸುಧಾರಿಸಿ ಎನ್ನುತ್ತದೆ. ಹಾಗಾಗಿ ರಾತ್ರಿ ಪಾಳಿಗೆ ಒಬ್ಬರ ಬದಲು ಇಬ್ಬರಿರಲಿ, ವಾರದ ರಜೆ ತಪ್ಪದಿರಲಿ, ಸಂಬಳ ಮೊದಲ ವಾರವೇ ಕೈಸೇರಲಿ. ಇದಕ್ಕೆ ಆಪ್ತಸಲಹೆಗಿಂತ ಹೆಚ್ಚು ದುಡ್ಡು ಬೇಕು, ನಿಜ. ಕಾನೂನಿನ ಬಲವಿಲ್ಲದೆ ಆಡಳಿತ ಮಂಡಳಿಗಳು ಇದನ್ನು ತಾವಾಗಿ ಮಾಡುವುದೂ ಅನುಮಾನವೇ.