ಪುಕ್ಕಟೆ ಟೋಕನ್‌ಗೂ ಹಾಜರಿ ಪುಸ್ತಕ

ಯಲಹಂಕ ವಾಯುನೆಲೆಯಿಂದ ಮೇಲೇರುವ ಎ.ಎನ್.-32 ಸರಕು ವಿಮಾನ ಜಾಲಹಳ್ಳಿಯ ಮಕ್ಕಳಿಗೆ ಹೊಸದೇನಲ್ಲ. ಹಿಮಾಲಯದ ಗಡಿ ಠಾಣೆಗಳಿಗೆ ದಿನಸಿಯನ್ನು ಪ್ಯಾರಾಚೂಟ್ ಕಟ್ಟಿ ಇಳಿಸುವುದೂ ಇದೇ ಬಗೆಯ ವಿಮಾನ. ಹೀಗೆ ಆಕಾಶದಿಂದ ಸರಕು ಇಳಿಸುವುದಕ್ಕೆ ‘ಏರ್‌ಡ್ರಾಪ್’ ಎಂದು ಹೆಸರು. ಈಗ ಅದೇ ಹೆಸರು ಕಾಲೇಜು ಹುಡುಗರ ಮೊಬೈಲುಗಳಲ್ಲಿ ಬೇರೊಂದು ಅರ್ಥದಲ್ಲಿ ಓಡಾಡುತ್ತಿದೆ. ಕ್ರಿಪ್ಟೊ ಕರೆನ್ಸಿ ಸಂಸ್ಥೆಗಳು ತಮ್ಮ ಹೊಸ ಟೋಕನ್‌ಗಳನ್ನು ಬಳಕೆದಾರರಿಗೆ ಪುಕ್ಕಟೆಯಾಗಿ ಹಂಚುವುದೇ ಈ ಏರ್‌ಡ್ರಾಪ್. ಪುಕ್ಕಟೆ ಎಂದೊಡನೆ ಮಕ್ಕಳ ಕಿವಿ ನಿಮಿರುತ್ತದೆ, ತಂದೆತಾಯಿಗೆ ದಿಗಿಲಾಗುತ್ತದೆ. ಹಂಚಿಕೆಯ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಇಬ್ಬರೂ ತಿಳಿದಿರುವುದು ಒಳ್ಳೆಯದು.

ಸಂಸ್ಥೆಗಳು ಹಂಚುವುದಾದರೂ ಏಕೆ? ಇಂತಹ ವ್ಯವಸ್ಥೆ ಜನ ಬಳಸಿದರೆ ಮಾತ್ರ ಉಳಿಯುತ್ತದೆ. ಟೋಕನ್ ಉಳ್ಳವರಿಗೆ ಅನೇಕ ಕಡೆ ಅದರ ನಿಯಮಗಳ ಮೇಲೆ ಮತ ಹಾಕುವ ಹಕ್ಕೂ ಇರುತ್ತದೆ. ಆ ಹಕ್ಕು ದಾರಿಹೋಕರಿಗೆ ಸಿಗದೆ ದಿನವೂ ಬಳಸುವವರ ಕೈಯಲ್ಲಿರಲಿ ಎಂಬುದು ಉದ್ದೇಶ. ಹಳ್ಳಿಯ ಹಾಲು ಉತ್ಪಾದಕರ ಸಂಘ ಬೋನಸ್ ಕೊಡುವಾಗ ಯಾರು ಎಷ್ಟು ಹಾಲು ಹಾಕಿದರೆಂದು ನೋಡುತ್ತದೆಯೇ ಹೊರತು, ಬರೀ ಸದಸ್ಯರ ಪಟ್ಟಿಯನ್ನಲ್ಲ. ಇಲ್ಲಿನ ತರ್ಕವೂ ಅದೇ.

ಷರತ್ತಿಲ್ಲದೆ ಎಲ್ಲರಿಗೂ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಐಸ್‌ಲ್ಯಾಂಡ್ ಉದಾಹರಣೆಯಾಗಿದೆ. 2014ರ ಮಾರ್ಚ್ 25ರಿಂದ ಅಲ್ಲಿನ ಪ್ರತಿಯೊಬ್ಬ ನಾಗರಿಕನೂ 31.8 ‘ಆರೋರಾಕಾಯಿನ್’ ಪಡೆಯಬಹುದಿತ್ತು. ಪಡೆದ ಬಹಳಷ್ಟು ಮಂದಿ ಮಾರಿಬಿಟ್ಟರು. ಬೆಲೆ ನೆಲ ಕಚ್ಚಿತು.

ಮುಂಚೆ ಹೇಳದ ಪರೀಕ್ಷೆ

2020ರ ಸೆಪ್ಟೆಂಬರ್‌ನಲ್ಲಿ ‘ಯೂನಿಸ್ವಾಪ್’ ಎಂಬ ಟೋಕನ್ ವಿನಿಮಯ ವ್ಯವಸ್ಥೆ ಬೇರೆ ದಾರಿ ಹಿಡಿಯಿತು. ಆ ತಿಂಗಳ 1ನೇ ತಾರೀಖಿಗೆ ಮುಂಚೆ ತನ್ನನ್ನು ಬಳಸಿದ್ದ ಪ್ರತಿ ವಾಲೆಟ್ ವಿಳಾಸಕ್ಕೂ 400 ಟೋಕನ್ ಕೊಟ್ಟಿತು. ಎಣಿಕೆಯ ದಿನ ಕಳೆದ ಮೇಲೆ ಈ ವಿಷಯ ಪ್ರಕಟವಾಯಿತು ಎಂಬುದು ಮುಖ್ಯ. ಮೇಷ್ಟರು ಮುಂಚೆ ಹೇಳದೆ ಕೊಡುವ ಕಿರುಪರೀಕ್ಷೆಯಂತೆ, ಅದಕ್ಕಾಗಿಯೇ ತಯಾರಿ ನಡೆಸಲು ಯಾರಿಗೂ ಸಮಯವಿರಲಿಲ್ಲ.

ಆದರೆ ಅಂತಹ ಪರೀಕ್ಷೆ ಒಂದೇ ಸಲ ನಡೆಯುತ್ತದೆ. ಗುಟ್ಟು ತಿಳಿದ ಮೇಲೆ ಮುಂದಿನ ಹಂಚಿಕೆಯ ಆಸೆಯಿಂದಲೇ ಜನ ಹೊಸ ಹೊಸ ವ್ಯವಸ್ಥೆಗಳನ್ನು ‘ಬಳಸ’ತೊಡಗಿದರು. ಒಬ್ಬನೇ ಹತ್ತಾರು, ನೂರಾರು ವಾಲೆಟ್ ತೆರೆದು ನೂರು ಜನರಂತೆ ನಟಿಸುವುದೂ ನಡೆಯಿತು. ಇದಕ್ಕೆ ‘ಸಿಬಿಲ್ ದಾಳಿ’ ಎನ್ನುತ್ತಾರೆ. ಬ್ಯಾಂಕ್ ಸಾಲದ ಸಿಬಿಲ್ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಹಲವು ವ್ಯಕ್ತಿತ್ವಗಳಿದ್ದ ಮಹಿಳೆಯೊಬ್ಬಳ ಬಗ್ಗೆ 1973ರಲ್ಲಿ ಬಂದ ಪುಸ್ತಕದಿಂದ ಬಂದ ಹೆಸರಿದು. ಗೆಳೆಯನ ಪರವಾಗಿ ಹಾಜರಿ ಕೂಗುವ ವಿದ್ಯಾರ್ಥಿಗಳಿಗೆ ಈ ವಿದ್ಯೆಯನ್ನು ವಿವರಿಸಿ ಹೇಳಬೇಕಿಲ್ಲ!

ಹಾಗಾಗಿ ಷರತ್ತುಗಳು ಬಿಗಿಯಾದವು. 2023ರ ಮಾರ್ಚ್‌ನಲ್ಲಿ ‘ಆರ್ಬಿಟ್ರಮ್’ ಹಂಚಿದಾಗ ಅಂಕಪಟ್ಟಿಯನ್ನೇ ಮಾಡಿತ್ತು. ಎಷ್ಟು ಬೇರೆ ಬೇರೆ ತಿಂಗಳುಗಳಲ್ಲಿ ವಹಿವಾಟು ನಡೆದಿದೆ, ಎಷ್ಟು ಸಲ, ಎಷ್ಟು ಮೊತ್ತಕ್ಕೆ ಎಂಬುದಕ್ಕೆಲ್ಲ ಅಂಕ. ಕನಿಷ್ಠ 3 ಅಂಕ ಬಂದರೆ ಮಾತ್ರ ಪಾಸು. ಎಲ್ಲ ವಹಿವಾಟನ್ನೂ 48 ಗಂಟೆಯೊಳಗೆ ಮುಗಿಸಿದ್ದರೆ ಒಂದು ಅಂಕ ಕಡಿತ. ವರ್ಷವಿಡೀ ಓದಿದವನನ್ನೂ ಪರೀಕ್ಷೆಯ ಹಿಂದಿನ ರಾತ್ರಿ ಓದಿದವನನ್ನೂ ಬೇರೆ ಮಾಡುವ ಪ್ರಯತ್ನವಿದು. 2024ರ ಮೇನಲ್ಲಿ ‘ಲೇಯರ್‌ಝೀರೋ’ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಲವು ವಾಲೆಟ್ ಇಟ್ಟವರು ತಾವಾಗಿಯೇ ಒಪ್ಪಿಕೊಂಡರೆ ಶೇ 15ರಷ್ಟು ಪಾಲು, ಸಿಕ್ಕಿಬಿದ್ದರೆ ಸೊನ್ನೆ ಎಂದು ಘೋಷಿಸಿತು.

ಅಳತೆಗೋಲಿನ ತೊಂದರೆ

ಥರ್ಮಾಮೀಟರನ್ನು ಬಿಸಿನೀರಿನಲ್ಲಿ ಅದ್ದಿದರೆ ಪಾದರಸವೇನೋ ಏರುತ್ತದೆ; ಹುಡುಗನಿಗೆ ಜ್ವರ ಬಂದಿರುವುದಿಲ್ಲ. ಬಳಕೆಯನ್ನು ಅಳೆಯಲು ಇಟ್ಟ ಅಂಕವೂ ಹಾಗೆಯೇ. ಅಂಕಕ್ಕೆ ಬಹುಮಾನವಿದೆ ಎಂದು ತಿಳಿದ ದಿನದಿಂದ ಜನ ಅಂಕವನ್ನು ಏರಿಸುತ್ತಾರೆ, ಬಳಕೆ ಏರಿರುವುದಿಲ್ಲ. ಟೆಲಿಗ್ರಾಮ್‌ನಲ್ಲಿ ನಡೆದ ‘ಹ್ಯಾಮ್‌ಸ್ಟರ್ ಕಾಂಬ್ಯಾಟ್’ ಆಟದಲ್ಲಿ ಪರದೆಯನ್ನು ಬೆರಳಿನಿಂದ ಬಡಿಯುವುದೇ ‘ಭಾಗವಹಿಸುವಿಕೆ’ಯಾಗಿತ್ತು. ತಿಂಗಳುಗಟ್ಟಲೆ ಬಡಿದವರಿಗೆ 2024ರ ಸೆಪ್ಟೆಂಬರ್ 26ರಂದು ಟೋಕನ್ ಬಂತು. ಸಂಸ್ಥೆಯ ಲೆಕ್ಕದಲ್ಲೇ ಅರ್ಹರು 13.1 ಕೋಟಿ! ಅಷ್ಟು ಜನರಿಗೆ ಹಂಚಿದಾಗ ಅನೇಕರ ಪಾಲಿಗೆ ಉಳಿದದ್ದು ಕೆಲವೇ ಡಾಲರ್. ಆ ತಿಂಗಳುಗಳ ಓದಿನ ಸಮಯಕ್ಕೆ ಬೆಲೆ ಕಟ್ಟಿದವರು ಯಾರು?

ಬೇರೆ ಕಡೆ ಖರ್ಚು ಸಮಯದಲ್ಲೇ ಮುಗಿಯುವುದಿಲ್ಲ. ಪ್ರತಿ ವಹಿವಾಟಿಗೂ ಶುಲ್ಕವಿದೆ. ಕೊನೆಗೆ ಟೋಕನ್ ಬಂದೇ ಬರುತ್ತದೆಂದು ಸಂಸ್ಥೆ ಸಾಮಾನ್ಯವಾಗಿ ಮಾತು ಕೊಟ್ಟಿರುವುದಿಲ್ಲ. ಎಣಿಕೆಯ ದಿನವನ್ನೂ ಷರತ್ತುಗಳನ್ನೂ ಗೊತ್ತುಮಾಡುವುದು ಅದೇ. ಬಂದದ್ದನ್ನು ಮಾರಿ ಲಾಭ ಪಡೆದರೆ ನಮ್ಮ ದೇಶದಲ್ಲಿ 2022ರ ಏಪ್ರಿಲ್ 1ರಿಂದ ಶೇ 30ರ ತೆರಿಗೆಯೂ ಇದೆ.

ಎಲ್ಲಕ್ಕಿಂತ ಅಪಾಯದ್ದು ನಕಲಿ ಏರ್‌ಡ್ರಾಪ್. ನಿಜವಾದ ಹಂಚಿಕೆ ನಡೆದುಹೋದ ಬಳಕೆಯನ್ನು ನೋಡುತ್ತದೆ. ಅದಕ್ಕೆ ವಾಲೆಟ್‌ನ ವಿಳಾಸ ಸಾಕು. ವಾಲೆಟ್‌ನ 12 ಅಥವಾ 24 ಪದಗಳ ಗುಪ್ತ ಸಾಲನ್ನು ಕೇಳುವವನು ಕಳ್ಳನೇ. ‘ಮೊದಲು ಇಷ್ಟು ಹಣ ಕಳಿಸಿ, ದುಪ್ಪಟ್ಟು ಬರುತ್ತದೆ’ ಎನ್ನುವವನೂ ಅಷ್ಟೇ. ಅರ್ಥವಾಗದ ಒಪ್ಪಿಗೆಯ ಗುಂಡಿಯನ್ನು ಒತ್ತಿದರೂ ವಾಲೆಟ್ ಬರಿದಾಗಬಹುದು. ಹೋದ ಹಣವನ್ನು ಮರಳಿಸಲು ಇಲ್ಲಿ ಬ್ಯಾಂಕ್ ಮ್ಯಾನೇಜರ್ ಇಲ್ಲ.

ಮೋಸ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೈಗುಳಕ್ಕೆ ಹೆದರಿ ಮಗ ಎರಡು ದಿನ ಸುಮ್ಮನಿದ್ದರೆ ಆ ಎರಡು ದಿನ ಕಳ್ಳನಿಗೆ ಲಾಭ. ಆದ್ದರಿಂದ ತಂದೆತಾಯಿ ಇಂದೇ ಮಕ್ಕಳಿಗೆ ಹೇಳಿಟ್ಟಿರಬೇಕಾದ ಮಾತು ಇಷ್ಟೇ: ಏನೇ ಆಗಲಿ, ಮೊದಲು ಮನೆಯಲ್ಲಿ ಹೇಳು, ಬೈಯುವುದಿಲ್ಲ.