ಮೊಬೈಲು ಕಲಿಸಿದ ಫೋರ್‌ಹ್ಯಾಂಡ್: ಹತ್ತು ವರ್ಷಗಳ ಲೆಕ್ಕ

ಶಿಕಾರಿಪುರ, ಸೊರಬದ ಕಡೆ ಟೆನಿಸ್ ಬಾಲ್ ಎಂದರೆ ಕ್ರಿಕೆಟ್ಟಿನ ಚೆಂಡು. ಕೊಯ್ಲು ಮುಗಿದ ಗದ್ದೆಯಲ್ಲಿ ಟೂರ್ನಿ ಆಡಲು ಬೇಕಾದದ್ದು ಅದು. ರ‍್ಯಾಕೆಟ್ ಹಿಡಿದವರಿದ್ದರೆ ಅವರು ಹೆಚ್ಚಾಗಿ ಶಟಲ್ ಆಡುವವರು. ಸೊರಬದ ಎಸ್. ಬಂಗಾರಪ್ಪನವರ ಬ್ಯಾಡ್ಮಿಂಟನ್ ಪ್ರೀತಿ ಇಲ್ಲಿ ಯಾರಿಗೆ ಗೊತ್ತಿಲ್ಲ? ಇಂಥ ಸೀಮೆಯಲ್ಲಿ ಲಾನ್ ಟೆನಿಸ್ ಕಲಿಯುವ ಆಸೆ ಹುಟ್ಟಿದರೆ ಮೊದಲು ಸಿಗುವ ಕೋಚ್ ಮೊಬೈಲೇ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದಾಗಿನಿಂದ ಈ ಪಾಠಶಾಲೆಯ ಬಾಗಿಲು ತೆರೆದೇ ಇದೆ. ಕೈಗೆ ಹತ್ತಿದ್ದೆಷ್ಟು ಎಂದು ಲೆಕ್ಕ ಹಾಕುವ ಹೊತ್ತಿದು.

ಲಾಭವಂತೂ ಆಗಿದೆ. ಕೊಡಗಿನ ಕಾಫಿ ತೋಟದ ಮನೆಯ ರೋಹನ್ ಬೋಪಣ್ಣ ಆಟ ಪಳಗಿಸಿಕೊಳ್ಳಲು ಊರು ಬಿಡಬೇಕಾಯಿತು. ಅದೇ ಬೋಪಣ್ಣ 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಅಗ್ರ ಡಬಲ್ಸ್ ಆಟಗಾರರಾದರು. ಸೆರೆನಾ ವಿಲಿಯಮ್ಸ್‌ಗೆ ತರಬೇತಿ ಕೊಟ್ಟ ಪ್ಯಾಟ್ರಿಕ್ ಮುರಾಟೊಗ್ಲು ಹೇಳುವ ಪಾಠ ಇಂದು ಆನವಟ್ಟಿಯ ಹುಡುಗಿಗೂ ಪುಕ್ಕಟೆ ಸಿಗುತ್ತದೆ. ಹಿಡಿತ ಹೇಗಿರಬೇಕು, ಭುಜ ಯಾವಾಗ ತಿರುಗಬೇಕು, ಸರ್ವ್‌ಗೆ ಚೆಂಡು ಎಲ್ಲಿಗೆ ಎಸೆಯಬೇಕು ಎಂಬುದು ಈಗ ಯಾರ ಗುಟ್ಟೂ ಅಲ್ಲ.

ನೋಡಿದ್ದೆಲ್ಲ ಕೈಗೆ ಬಂದಿತೇ? ನಮ್ಮ ತೀರ್ಪು: ಇಲ್ಲ. ಇಂದು ಒಬ್ಬರು ಮಣಿಕಟ್ಟು ಸಡಿಲ ಬಿಡು ಎನ್ನುತ್ತಾರೆ, ನಾಳೆ ಇನ್ನೊಬ್ಬರು ಬಿಗಿ ಹಿಡಿ ಎನ್ನುತ್ತಾರೆ. ಇಬ್ಬರೂ ಸರಿಯೇ ಇರಬಹುದು. ಆದರೆ ಇಬ್ಬರಿಗೂ ನೀವು ಕಾಣುವುದಿಲ್ಲ. ಸೂಚನೆ ಹೆಚ್ಚಾದಷ್ಟೂ ಆಟ ಕೆಡುತ್ತದೆ ಎಂದು ತಿಮೊತಿ ಗಾಲ್ವೆ 1974ರ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಪುಸ್ತಕದಲ್ಲೇ ಎಚ್ಚರಿಸಿದ್ದರು. ಆಗ ಯೂಟ್ಯೂಬ್ ಇನ್ನೂ ಹುಟ್ಟಿರಲಿಲ್ಲ.

ಶಟಲ್ ಆಡಿದ ಕೈಯ ಕಷ್ಟವೇ ಬೇರೆ. ಶಟಲ್ ಕಾಕ್‌ನ ತೂಕ ಸುಮಾರು 5 ಗ್ರಾಂ, ಟೆನಿಸ್ ಚೆಂಡಿನದು 56ರಿಂದ 59.4 ಗ್ರಾಂ. ಅಲ್ಲಿ ಮಣಿಕಟ್ಟು ಚಿಮ್ಮಿಸಿ ಗೆದ್ದವನು ಇಲ್ಲಿ ಹಾಗೇ ಹೊಡೆದರೆ ಚೆಂಡು ಕಾಂಪೌಂಡ್ ದಾಟುತ್ತದೆ. ಆದರೆ ಸ್ಮ್ಯಾಶ್‌ನಲ್ಲಿ ಮುಂಗೈ ಒಳಮುಖವಾಗಿ ತಿರುಗುವ ಆ ಅಭ್ಯಾಸ ಟೆನಿಸ್ ಸರ್ವ್‌ಗೆ ಬಂಗಾರ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಎಲ್ಲರಿಗೂ ಸೇರಿಸಿ ಮಾಡಿದ ವಿಡಿಯೊ ಹೇಳಲಾರದು. ಗಟ್ಟಿ ಕೋರ್ಟಿನಲ್ಲಿ ಸೊಂಟದೆತ್ತರಕ್ಕೆ ಪುಟಿಯುವ ಚೆಂಡಿನ ಪಾಠ ನಮ್ಮ ಜಂಬಿಟ್ಟಿಗೆ ಮಣ್ಣಿನ ಅಂಗಳಕ್ಕೆ ಪೂರ್ತಿ ಒಗ್ಗುವುದೂ ಇಲ್ಲ.

ಈ ಹತ್ತು ವರ್ಷಗಳ ನಿಜವಾದ ಲಾಭ ಮೊಬೈಲಿನ ಪರದೆಗಿಂತ ಅದರ ಕ್ಯಾಮೆರಾದಲ್ಲಿದೆ. ಚೆಂಡು ರ‍್ಯಾಕೆಟ್ಟಿನ ತಂತಿಯ ಮೇಲೆ ಇರುವುದು ಸೆಕೆಂಡಿನ ಸಾವಿರದಲ್ಲಿ ಸುಮಾರು ಐದು ಪಾಲು. ಮಾಮೂಲಿ ವಿಡಿಯೊ ಸೆಕೆಂಡಿಗೆ 30 ಚಿತ್ರ ತೆಗೆಯುವುದರಿಂದ ಆ ಗಳಿಗೆ ಬಹುಪಾಲು ತಪ್ಪಿಹೋಗುತ್ತದೆ. ಸ್ಲೋ ಮೋಷನ್ನಿನಲ್ಲಿ 240 ಚಿತ್ರ ತೆಗೆದರೆ ಸಿಕ್ಕಿಬೀಳುತ್ತದೆ. ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಪಕ್ಕದಿಂದ ಹತ್ತು ಹೊಡೆತ ತೆಗೆದು ನೋಡಿ. ಮುಂಗಾಲಿನ ಮುಂದೆ ತಾಗಬೇಕಾದ ಚೆಂಡು ಹೊಟ್ಟೆಯ ಪಕ್ಕದಲ್ಲಿ ತಾಗುತ್ತಿದ್ದರೆ, ನೂರು ವಿಡಿಯೊ ನೋಡಿದರೂ ತಿಳಿಯದ ತಪ್ಪು ಅಲ್ಲೇ ಕಾಣುತ್ತದೆ. ಒಂದು ತಿಂಗಳು ಅದೊಂದನ್ನೇ ತಿದ್ದಿಕೊಳ್ಳಬೇಕು. ಮಳೆಗಾಲದಲ್ಲಿ ಅಂಗಳ ಕೆಸರಾದರೆ ಶಾಲೆಯ ಜಗಲಿಯ ಗೋಡೆ ಸಾಕು.

ಎರಡೂ ತಾಲ್ಲೂಕುಗಳ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ಒಂದು ಮನವಿ. ಹತ್ತು ವರ್ಷದೊಳಗಿನ ಮಕ್ಕಳ ಸ್ಪರ್ಧೆಗೆ ನಿಧಾನ ಚೆಂಡನ್ನೇ ಬಳಸಬೇಕೆಂದು ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ 2012ರಿಂದ ನಿಯಮ ಮಾಡಿದೆ. ಈ ನಿಧಾನ ಚೆಂಡುಗಳಲ್ಲೊಂದಾದ ಕೆಂಪು ಚೆಂಡಿನ ಆಟಕ್ಕೆ ಬೇಕಾದ ಜಾಗ ನಿಮ್ಮ ಶಟಲ್ ಕೋರ್ಟಿನಲ್ಲೇ ಹಿಡಿಯುತ್ತದೆ. 76 ಸೆಂ.ಮೀ. ಅಗಲದ ಶಟಲ್ ನೆಟ್ಟನ್ನು 80 ಸೆಂ.ಮೀ. ಎತ್ತರಕ್ಕೆ ಇಳಿಸಿ ಕಟ್ಟಿದರೆ ಅದು ಹೆಚ್ಚುಕಡಿಮೆ ನೆಲ ಮುಟ್ಟುತ್ತದೆ, ಬೇರೆ ನೆಟ್ ಬೇಡ. ಈ ವರ್ಷ ಒಂದಷ್ಟು ಕೆಂಪು ಚೆಂಡು ತರಿಸಿ, ಮಕ್ಕಳ ಹೊಡೆತಗಳನ್ನು ನಿಮ್ಮದೇ ಫೋನಿನಲ್ಲಿ ತೆಗೆದು ಅವರಿಗೇ ತೋರಿಸಿ.